ಮಂಗಳವಾರದ ಮಾತು ಗುರುವಾರದ ಮೀನುಪೇಟೆಗೆ

ಚಿಂಚಿಣಿ, ಗೋವಾ
೧೨ ಫೆಬ್ರುವರಿ ೨೦೨೪

ಪ್ರೀತಿಯ ಮಗ ಅನ್ಸೆಲ್ಮ್‌ಗೆ,

ಬೆನ್ನುನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಹನ್ನೆರಡು ಗಂಟೆ ನಿಲ್ಲುವವನು ನೀನು, ಬೆಲ್ಟ್ ಕಟ್ಟಿಕೊಳ್ಳುವುದನ್ನು ಬಿಡಬೇಡ. ನನ್ನ ಸಕ್ಕರೆ ಹತೋಟಿಯಲ್ಲಿದೆ. ನಿನ್ನ ಮಗಳು ಜಿಯಾನಾಳ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ಫೋನ್ ಇರುವಾಗ ಕಾಗದವೇಕೆ ಎಂದು ಕೇಳುತ್ತೀಯ. ಈ ವಾರ ನಿಮ್ಮ ಹಡಗು ಸೇರುವ ಬಾಸಿಲಿಯೊ ಉಪ್ಪಿನಕಾಯಿಯ ಜೊತೆ ಇದನ್ನೂ ತರುತ್ತಾನೆ. ಲಕೋಟೆಗೆ ಅಂಟು ಹಾಕಿಯೇ ಕೊಡುತ್ತೇನೆ. ನಿನ್ನ ಕ್ಯಾಬಿನ್ನಿನಲ್ಲಿ ಓದಬೇಡ.

ಗುರುವಾರ ಮೀನಿಗೆ ಹೋಗಿದ್ದೆ. ಸಾಂತಾನ್ ಬಾಯಿ ಬಂಗುಡೆ ಎಣಿಸುತ್ತಾ, ನಾಲ್ಕು ಜನರ ಮುಂದೆ, "ಮಾಸ್ತರ್ರೇ, ಸೊಸೆಗೆ ಸ್ವಲ್ಪ ಹೇಳ್ರೀ, ಗಂಡ ಮಾತಾಡೋವಾಗ ನಡುವೆ ಬಾಯಿ ಹಾಕ್ಬಾರ್ದಂತೆ. ಮಡಗಾಂವಿನ ಮೇಡಮ್ಮೇ ಹೇಳಿದ್ರಂತಲ್ಲ!" ಎಂದಳು. ಪಕ್ಕದವಳು ಸುಮ್ಮನಿದ್ದಾಳೆಯೇ? "ಪಾಪ, ಹೊಟ್ಟೇಲಿದ್ದ ಎರಡ್ನೇ ಮಗು ಹೋದಾಗ ಅವ್ನು ಬರ್ಲಿಲ್ಲ ಅಂತ ಇನ್ನೂ ಅಳ್ತಾಳಂತೆ ಕಣೇ." ನಾನು ಮೀನನ್ನು ಅಲ್ಲೇ ಬಿಟ್ಟು ಬಂದೆ. ಲವೀನಾ ಆ ಮಾತನ್ನು ಆರು ವರ್ಷದಲ್ಲಿ ನನ್ನ ಬಳಿಯೂ ಆಡಿರಲಿಲ್ಲ. ಮಂಗಳವಾರ ಫೋನಿನಲ್ಲಿ, ನಿನಗೂ ಮಡಗಾಂವಿನ ಆಪ್ತಸಲಹೆಯ ಎಸ್ಮೆರಾಲ್ಡಾ ಮೇಡಂಗೂ ಮಾತ್ರ ಹೇಳಿದ್ದಳು. ನಿನ್ನ ಮೇಲಿನ ಮಂಚದಲ್ಲಿ ಮಲಗುವವನು ಸಾಂತಾನ್ ಬಾಯಿಯ ಅಳಿಯ ಎಂಬುದು ನಿನಗೆ ಹೊಳೆಯಲಿಲ್ಲವೇ? ಒಂದೇ ಊರಿನವರನ್ನು ಒಂದೇ ಕ್ಯಾಬಿನ್ನಿಗೆ ಹಾಕುವುದು ನಿಮ್ಮಲ್ಲಿ ಇಂದಿನ ರೂಢಿಯೇ?

ನನಗೆ ೧೯೭೯ ನೆನಪಿದೆ. ನಿನ್ನ ದೊಡ್ಡಪ್ಪ ಬಹರೈನ್‌ನಿಂದ ಹೆಂಡತಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸಿದ. ನಮ್ಮ ಕೇರಿಗೆಲ್ಲ ಟೇಪ್‌ರೆಕಾರ್ಡರ್ ಇದ್ದದ್ದು ಹೆಂಡದಂಗಡಿಯಲ್ಲಿ ಮಾತ್ರ. ಅಲ್ಲಿ ಹಾಕಿದ್ದನ್ನು ಕುಡಿಯಲು ಬಂದವರೆಲ್ಲ ಕೇಳಿದರು. ದೊಡ್ಡಮ್ಮ ಆರು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ. ಇಷ್ಟು ತಿಳಿದವನಾಗಿಯೂ, ಸಲಹೆ ಫೋನಿನಲ್ಲೇ ಆಗಲಿ, ನೀನು ಬರುವವರೆಗೆ ಕಾಯುವುದೇಕೆ ಎಂದವನು ನಾನೇ. ಲವೀನಾ ಮೊದಲ ದಿನವೇ "ಎದುರು ಕೂತ್ಕೊಂಡೇ ಮಾತಾಡೋಣ, ಮಾವ" ಎಂದಿದ್ದಳು. ನಾನು ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಹೇಳಿ ಅವಳ ಬಾಯಿ ಮುಚ್ಚಿಸಿದೆ. ತಪ್ಪು ನನ್ನದೂ ಹೌದು.

ಶನಿವಾರ ನಾನೇ ಮಡಗಾಂವಿಗೆ ಹೋಗಿ ಮೇಡಂ ಅವರನ್ನು ಕಂಡೆ. ಅವರು ಫೋನನ್ನು ದೂರಲಿಲ್ಲ. ದೂರದ ಎಷ್ಟೋ ದಂಪತಿಗಳಿಗೆ ಅದರಿಂದ ಒಳ್ಳೆಯದಾಗಿದೆ ಎಂದರು. "ಆದ್ರೆ ಇಬ್ರಿಗೂ ಹಾಕ್ಕೊಳ್ಳೋಕೆ ಒಂದೊಂದು ಬಾಗಿಲು ಬೇಕು ಮಾಸ್ತರ್. ಅನ್ಸೆಲ್ಮ್ ಒಬ್ನೇ ಇದೀನಿ ಅಂದಿದ್ರು." ಹಾಗೆಂದು ಏಕೆ ಹೇಳಿದೆ? ಮಂಚದ ಪರದೆ ಎಳೆದುಕೊಂಡರೆ ಒಬ್ಬನೇ ಆಗುತ್ತೀಯೇನು? ನಿಮ್ಮ ಕಂಪನಿಯೂ ಸಾಮಾನ್ಯದ್ದಲ್ಲ. 'ಕುಟುಂಬದ ನೆಮ್ಮದಿಗೆ ಉಚಿತ ಆನ್‌ಲೈನ್ ಸಲಹೆ' ಎಂದು ಗೋಡೆಗೆ ಅಂಟಿಸುತ್ತದೆ, ನೆಮ್ಮದಿಯಾಗಿ ಮಾತಾಡಲು ಒಂದು ಕೋಣೆ ಕೊಡುವುದಿಲ್ಲ. ಇದನ್ನು ಪತ್ರಿಕೆಗೆ ಬರೆಯುತ್ತಿದ್ದೆ. ಲವೀನಾಳ ಮುಖ ನೋಡಿ ಕೈಬಿಟ್ಟೆ.

ದೇವರು ನಿನ್ನನ್ನು ನೀರಿನ ಮೇಲೂ ಕಾಯಲಿ. ಜಿಯಾನಾಳಿಂದ ಎರಡು ಮುತ್ತು.

ನಿನ್ನ ಅಪ್ಪ,
ತಿಯೊತೋನಿಯೊ

ತಾ.ಕ.: ಬಾಸಿಲಿಯೊ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಒಪ್ಪಂದ ಮುಗಿದ ಮೇಲೂ ಇನ್ನೆರಡು ತಿಂಗಳು ಹಡಗಿನಲ್ಲೇ ಉಳಿಯುವ ಕಾಗದಕ್ಕೆ ಸಹಿ ಹಾಕಬೇಡ. ಮಾರ್ಚ್ ಇಪ್ಪತ್ಮೂರು, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಲವೀನಾ ಇಬ್ಬರ ಹೆಸರಿನಲ್ಲೂ ಮೇಡಂ ಬಳಿ ಸಮಯ ತೆಗೆದುಕೊಂಡಿದ್ದಾಳೆ, ಎದುರು ಕೂತು ಮಾತಾಡಲು. ನೀನು ಬರದಿದ್ದರೆ ಒಬ್ಬಳೇ ಹೋಗಿ, ಅಲ್ಲಿಂದ ಮಗುವಿನೊಂದಿಗೆ ತವರಿಗೆ ಹೋಗುತ್ತಾಳಂತೆ. ನಿನಗೆ ಹೇಳಬೇಡಿ, ತಾನಾಗಿ ಬರಲಿ ಎಂದಿದ್ದಳು. ಹೇಳಿಬಿಟ್ಟೆ. ಅವಳಿಗೆ 'ಹೋಗಬೇಡ' ಎನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ.