ಅರಿಶಿನದ ದಾರ ಕಟ್ಟಿದ ಗಿಡಗಳ ವಿಚಾರ

ಔಷಧಿ ಗಿಡಗಳ ಅಭಿವೃದ್ಧಿಯನ್ನು ಹೆಗಲ ಮೇಲೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ಕಳೆಗೆ ತಾವು ತಂದುಕೊಟ್ಟ ಮರ್ಯಾದೆಯನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಬೇಕು. ಅದು ಬಂದ ಮೇಲೆ ಕಳಲೆಯ ಕೆರೆ ಏರಿಯಲ್ಲಿ ಒಂದು ನೆಲನೆಲ್ಲಿ ಗಿಡವೂ ಉಳಿದಿಲ್ಲ.

ಕಳೆದ ಮುಂಗಾರಿನಲ್ಲಿ ತಾವು ಬಂದು, ಹೊದಿಸಿದ ಶಾಲು ತೆಗೆಯದೆ, “ಆಯುರ್ವೇದ ಕಂಪನಿಗಳಿಗೆ ಗಿಡಮೂಲಿಕೆ ಎಷ್ಟಿದ್ದರೂ ಸಾಲದು, ನೀವು ತುಳಿದು ಓಡಾಡುತ್ತಿರುವುದು ಸಂಪತ್ತು” ಎಂದು ಅಪ್ಪಣೆ ಕೊಡಿಸಿದಿರಿ. ಅಂದಿನಿಂದ ನಾವು ನೆಲ ನೋಡಿಕೊಂಡೇ ನಡೆದು, ಎದುರು ಬಂದ ಬೀಗರಿಗೂ ಡಿಕ್ಕಿ ಹೊಡೆದಿದ್ದೇವೆ. ಆದರೆ ಸ್ವಾಮಿ, ಯಾವುದು ಸಂಪತ್ತು, ಯಾವುದು ಬರೀ ಸೊಪ್ಪು ಎಂದು ತಾವು ಹೇಳಲೇ ಇಲ್ಲವಲ್ಲ?

ಹೇಳದಿದ್ದರೇನು, ಪುಟ್ಟಗೌರಮ್ಮ ಇದ್ದಾರಲ್ಲ. ಕಾಮಾಲೆಗೆ ನೆಲನೆಲ್ಲಿಯ ಔಷಧಿ ಕೊಡುವ ಈ ತಾಯಿ ಕಾಸು ಮುಟ್ಟುವುದಿಲ್ಲ, ಬೈಗುಳಕ್ಕೆ ಕೊರತೆ ಮಾಡುವುದಿಲ್ಲ. ಗಿಡ ಕೀಳುವ ಹಿಂದಿನ ಸಂಜೆ ಅದಕ್ಕೆ ಅರಿಶಿನದ ದಾರ ಕಟ್ಟಿ, “ನಾಳೆ ಬತ್ತೀನಿ ಕಣವ್ವ, ಬೇಜಾರ್ ಮಾಡ್ಕಬ್ಯಾಡ” ಎಂದು ಹೇಳಿ ಬರುವುದು ಅವರ ಅತ್ತೆಯ ಕಾಲದ ಪದ್ಧತಿ. ದಾರ ಕಟ್ಟಿದ್ದನ್ನಷ್ಟೇ ಕೀಳುತ್ತಾರೆ. ಉಳಿದವು ಬೀಜ ಉದುರಿಸಲೆಂದು ಬಿಡುತ್ತಾರೆ. ಗಿಡಕ್ಕೂ ಮುಂಚೆ ತಿಳಿಸುವ ಇಂಥ ಸೌಜನ್ಯ ತಮ್ಮ ಕಚೇರಿಯಲ್ಲಿ ಮನುಷ್ಯರಿಗಾದರೂ ಉಂಟೇ?

ನಮ್ಮೂರ ಬುದ್ಧಿವಂತರಿಗೆ ಆ ದಾರವೇ ದಾರಿ ತೋರಿಸಿತು. ದಾರ ಕಂಡಲ್ಲೆಲ್ಲ ಸುತ್ತಲಿನ ಸಂಸಾರವನ್ನೂ ಬೇರುಸಹಿತ ಕಿತ್ತು, ನಂಜನಗೂಡಿನ ಕಂಪನಿಗೆ ಮಾಲು ಸಾಗಿಸುವ ಕಾಂತರಾಜುವಿನ ಟೆಂಪೋಗೆ ತುಂಬಿದರು. ತಿ. ನರಸೀಪುರದಿಂದ ನನ್ನ ಭಾವಮೈದ ಮಹಾದೇವಸ್ವಾಮಿ ಹಳದಿ ಕಣ್ಣು ಬಿಟ್ಟುಕೊಂಡು ಬಂದಾಗ ಪುಟ್ಟಗೌರಮ್ಮನ ಕೈಯಲ್ಲಿ ಬರೀ ದಾರವಿತ್ತು. “ನಿನ್ ಗಿಡ ನಂಜನಗೂಡ್ಗೆ ಓಗ್ಬುಟ್ಟದೆ ಕಣಪ್ಪ. ಸೀಸೇಲಿ ಬತ್ತದೆ, ಕಾಯ್ಕೊಂಡ್ ಕೂತ್ಕೊ” ಎಂದರು. ಅವನೇನೋ ಆಸ್ಪತ್ರೆ ಸೇರಿ ಗುಣವಾದ. ಪುಟ್ಟಗೌರಮ್ಮನ ಸಿಟ್ಟು ಮಾತ್ರ ಯಾವ ಔಷಧಿಗೂ ಇಳಿಯಲಿಲ್ಲ.

ಅವನು ಬಂದುಹೋದ ಮರುದಿನ ಸಂಜೆಯೇ ಅವರು ಏರಿಯುದ್ದಕ್ಕೂ ದಾರ ಕಟ್ಟಿ ಬಂದರು, ಪಾರ್ಥೇನಿಯಂಗೆ! ಅದು ಮೈ ಕೆರೆಸುವ ಗಿಡವೆಂದು ಊರಿನ ಎಮ್ಮೆಗೂ ಗೊತ್ತು. ಆದರೂ “ಆವಮ್ಮ ಕಟ್ಟವ್ಳೆ ಅಂದ್ಮೇಲೆ ಏನೋ ಅದೆ ಕಣ್ಲಾ” ಎಂದು ಜನ ರಾಶಿಗಟ್ಟಲೆ ಕಿತ್ತರು. ಕಂಪನಿಯ ಗೇಟಿನಿಂದಲೇ ವಾಪಸಾದ ಕಾಂತರಾಜು ಕುತ್ತಿಗೆ ಕೆರೆದುಕೊಳ್ಳುತ್ತ ಬಂದ.

“ಏನವ್ವೋ, ಇಂಗಾ ಮಾಡಾದು? ಮೈಯೆಲ್ಲ ಉರೀತಾ ಅದೆ!”

“ನಾನ್ ದಾರ ಕಟ್ಟಿದ್ದು ಗಿಡಕ್ಕೆ ಕಣ್ಲಾ, ನಿನ್ ಟೆಂಪೋಗಲ್ಲ. ಕೆರ್ಕೋ, ಚೆನ್ನಾಗ್ ಕೆರ್ಕೋ!”

ಏರಿ ಈಗ ಬೋಳು. ಉಳಿದಿರುವುದು ಪುಟ್ಟಗೌರಮ್ಮನ ಹಿತ್ತಿಲಿನ ಒಂದೇ ಒಂದು ನೆಲನೆಲ್ಲಿ. ಕಣ್ಣಿಗೆ ಬೀಳದಿರಲೆಂದು ಅದರ ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿದ್ದಾರೆ; ಬಿಸಿಲು ಕಾಯಿಸಲು ಮಂಕರಿ ಎತ್ತಿದಾಗ ಪಕ್ಕದಲ್ಲೇ ಪೊರಕೆ ಹಿಡಿದು ಕೂರುತ್ತಾರೆ. ಅದರ ಬೀಜ ಉದುರಿದರೆ ಏರಿ ಮತ್ತೆ ಹಸಿರಾದೀತು. ಯಾರಾದರೂ ಕಿತ್ತರೆ ಕಥೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಕಂಪನಿಗಳಿಗೆ ಬೇಕಾದ ಗಿಡವನ್ನು ಅವರೇ ಬಿತ್ತಿಸಿ ಬೆಳೆಸಿಕೊಳ್ಳಲಿ, ಕೆರೆ ಏರಿಯನ್ನು ಯಾರೂ ಮುಟ್ಟಕೂಡದೆಂದು ತಾವೇ ಬಂದು ಸಾರಬೇಕು. ಬರುವ ಹಿಂದಿನ ಸಂಜೆ ಒಂದು ಮಾತು ತಿಳಿಸಿ. ಸಾರದೆ ಬರೀ ಭಾಷಣ ಮಾಡುವ ಯೋಚನೆಯಿದ್ದರೆ, ಪುಟ್ಟಗೌರಮ್ಮ ತಮ್ಮ ಕೈಗೆಂದೇ ಒಂದು ದಾರ ಅರಿಶಿನದಲ್ಲಿ ನೆನೆಸಿಟ್ಟಿದ್ದಾರೆ.

ಇಂತಿ,
ಮಂಕರಿ ಕಾಯುವ ಮಧ್ಯಾಹ್ನದ ಪಾಳಿಯಲ್ಲಿರುವ
ಚಿಕ್ಕಬಸಪ್ಪ, ಕಳಲೆ