ಅತ್ತೆಯ ಕಿಡ್ನಿ, ನನ್ನ ಮೂಳೆ

ಮಾರ್ಚ್ 3, ಸೋಮವಾರ
ಡಯಾಲಿಸಿಸ್ ಮುಗಿಸಿ ನೇರ ಅಂಗಡಿಗೆ. ಡ್ರೈಕ್ಲೀನಿಂಗ್ ಓನರ್ ಮುಖ ಊದಿಸಿಕೊಂಡಿದ್ದ. ತಡವಾಯಿತಂತೆ. ದಿನ ಬಿಟ್ಟು ದಿನ ರಕ್ತ ತೊಳೆಸಿಕೊಳ್ಳುವವಳು ಊರವರ ಕೋಟು ತೊಳೆಯುತ್ತಿದ್ದೇನಲ್ಲ, ಅದೇ ದೊಡ್ಡದು ಅನ್ನಬೇಕು ಅವನು.

ದಾರಿಯಲ್ಲಿ ಪ್ಯಾಡ್ ತಗೊಂಡೆ. ಮುಟ್ಟು ನಿಂತು ಎರಡು ವರ್ಷ, ಮೂವತ್ತೇಳಕ್ಕೇ. ಆದರೂ ತಿಂಗಳಿಗೊಂದು ಪ್ಯಾಕೆಟ್ ಬಾತ್‌ರೂಮಿನ ಶೆಲ್ಫಿನಲ್ಲಿ, ಅತ್ತೆಯ ಕಣ್ಣಿಗೆ ಬೀಳುವಂತೆ. ಜೂನ್‌ನಲ್ಲಿ ನನಗೆ ಕಿಡ್ನಿ ಕೊಡುವವರು ಅವರೇ. "ನೀನೊಂದು ಚೆನ್ನಾಗಾದ್ರೆ ಮೊಮ್ಮಗು ನೋಡಿ ಕಣ್ಮುಚ್ತೀನಿ" — ದಿನಾ ಇದೇ ಮಾತು. ಮುಟ್ಟೇ ಇಲ್ಲ ಅಂದರೆ ಕಿಡ್ನಿ ಎಲ್ಲಿ ಸಿಗುತ್ತೆ? ಬಾಯಿಗೆ ಬೀಗ.

ಮಾರ್ಚ್ 11
ದೊಡ್ಡ ಮೆಷೀನಿನೊಳಗೆ ಬಗ್ಗಿ ಒದ್ದೆ ಕಂಬಳಿ ಎಳೆದೆ. ಟಕ್. ಪಕ್ಕೆಲುಬಿನಲ್ಲಿ ಬಿರುಕು. ಕಂಬಳಿಗೇನೂ ಆಗಿಲ್ಲ, ಓನರ್ ಮೊದಲು ನೋಡಿದ್ದು ಅದನ್ನೇ. ನಕ್ಕರೆ ಜೀವ ಹೋಗುತ್ತೆ... ನಗುವಂಥದ್ದೇನೂ ಇಲ್ಲವಲ್ಲ, ಪುಣ್ಯ.

ಮಾರ್ಚ್ 14, ಮಧ್ಯಾಹ್ನ
ಕಿಡ್ನಿ ಡಾಕ್ಟರ್ ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು. "ಕಿಡ್ನಿ ಕೆಟ್ರೆ ಮೂಳೆ ಸವೆಯೋದು ಇದ್ದದ್ದೇ. ಆದ್ರೆ ಇದು ಜಾಸ್ತಿ ಆಯ್ತು. ಮುಟ್ಟು ಸರಿಯಾಗಿ ಆಗ್ತಿದೆಯಾ?"

ಬಾಯಿ ತೆರೆದೆ. ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಗಂಡ. ನನಗಿಂತ ಮೊದಲು ಇವರೇ ಉತ್ತರ ಕೊಟ್ಟರು. "ಆಗತ್ತೆ ಡಾಕ್ಟ್ರೇ, ತಿಂಗಳು ತಿಂಗಳು ಕರೆಕ್ಟಾಗಿ." ಅತ್ತೆಯೂ ತಲೆಯಾಡಿಸಿದರು. ಪಾಪ, ಇಬ್ಬರೂ ಸುಳ್ಳು ಹೇಳಲಿಲ್ಲ. ಶೆಲ್ಫು ನೋಡಿದವರು. ಡಾಕ್ಟರ್ ಮುಂದಿನ ಪ್ರಶ್ನೆಗೆ ಹೋದರು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯದೆ, ವಾಪಸ್ ಬರುವಾಗ ಟ್ಯಾಕ್ಸಿಯವನ ಮೇಲೆ ಹರಿಹಾಯ್ದೆ.

ಏಪ್ರಿಲ್ 9
ಈಗ ಕಾಲ್ಬೆರಳು. ಮೆಟ್ಟಿಲಿಗೆ ತಾಗಿದ್ದಷ್ಟೇ, ಮುರಿಯಿತು. ಅತ್ತೆ ಐಸ್ ಹಿಡಿದು ಪಕ್ಕದಲ್ಲೇ ಕೂತರು. "ಗಾಜಿನ ಬೊಂಬೆ ಕಟ್ಕೊಂಡ್ಯಲ್ಲೋ" ಅಂತ ಮಗನಿಗೆ ತಮಾಷೆ. ನನಗೆ ಅಳು ತಡೆಯಲಾಗಲಿಲ್ಲ. ನೋವಿಗೆ ಅಂದುಕೊಂಡರು.

ಏಪ್ರಿಲ್ 11
ಡಯಾಲಿಸಿಸ್ ಬೆಡ್ಡಿನ ಮೇಲೆ, ಒಬ್ಬಳೇ ಇದ್ದಾಗ, ಡಾಕ್ಟರಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಈಸ್ಟ್ರೋಜನ್ ಅಂತ ಹಾರ್ಮೋನು, ಹೆಂಗಸರ ಮೂಳೆ ಕಾಯೋದು ಅದೇ ಅಮ್ಮ. ಕಿಡ್ನಿ ಕಾಯಿಲೆ ಇದ್ರೆ ಎಷ್ಟೋ ಜನಕ್ಕೆ ಬೇಗ ಇಳಿದುಬಿಡುತ್ತೆ. ಗೊತ್ತಿದ್ರೆ ಆವತ್ತೇ ಟೆಸ್ಟ್ ಬರೀತಿದ್ದೆ."

ಏಪ್ರಿಲ್ 18
ರಿಪೋರ್ಟ್ ಬಂತು. ಹಾರ್ಮೋನು ನೆಲ ಕಚ್ಚಿದೆ. ಚರ್ಮಕ್ಕೆ ಹಾರ್ಮೋನಿನ ಪ್ಯಾಚ್ ಅಂಟಿಸಿ ನೋಡಬಹುದು, ಆದರೆ ರಕ್ತ ಹೆಪ್ಪುಗಟ್ಟುವ ಭಯವಿದೆ, ಯೋಚಿಸಿ ಮಾಡಬೇಕಂತೆ. ಕಸಿ ಆದ ಮೇಲೆ ಮುಟ್ಟು ಮತ್ತೆ ಬರುತ್ತಾ, ಕೇಳಿದೆ. "ಕೆಲವರಿಗೆ ಬರುತ್ತೆ. ನಿಮಗೆ ಬರುತ್ತೆ, ಮಗು ಆಗುತ್ತೆ ಅಂತ ಮಾತು ಕೊಡೋಕಾಗಲ್ಲ." ಮನೆಯಲ್ಲಿ ಹೇಳುವುದು, ಬಿಡುವುದು ನನಗೆ ಸೇರಿದ್ದಂತೆ.

ಹೇಳಿದರೆ ಕಿಡ್ನಿ ಕೈತಪ್ಪಬಹುದು. ಹೇಳದಿದ್ದರೆ... ಆಸೆ ತೋರಿಸಿ ಅವರ ಹೊಟ್ಟೆ ಕೊಯ್ಯಿಸಿ, ಆಮೇಲೆ ದಿನಾ ಅವರ ಮುಖ ನೋಡಬೇಕು. ಯಾವ ಕಡೆ ಹೊರಳಿದರೂ ಗೋಡೆ.

ಏಪ್ರಿಲ್ 27, ಭಾನುವಾರ
ಹೇಳಿದೆ. ಅತ್ತೆ ನನ್ನ ಕಾಲ್ಬೆರಳಿಗೆ ಪಟ್ಟಿ ಸುತ್ತುತ್ತಿದ್ದರು. ಕೈ ನಿಂತಿತು. ಆಮೇಲೆ ಪೂರ್ತಿ ಸುತ್ತಿ, ಅಂಟಿಸಿ, ಎದ್ದರು. "ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ಯಲ್ಲೇ!" ಸಂಜೆಯೇ ಮಗಳ ಮನೆಗೆ ಹೊರಟುಹೋದರು.

ಇವರು ತಲೆ ಮೇಲೆ ಕೈ ಹೊತ್ತು ಕೂತರು. "ನನಗಾದ್ರೂ ಹೇಳ್ಬಾರ್ದಿತ್ತಾ? ಡಾಕ್ಟ್ರ ಮುಂದೆ ದೊಡ್ಡ ತಿಳಿದೋನ ಹಾಗೆ ಬಾಯಿ ಹಾಕಿದ್ನಲ್ಲ ನಾನು..."

ಮೇ 15
ಅತ್ತೆಯಿಂದ ಫೋನಿಲ್ಲ. ಇವರು ಮಾಡಿದರೆ ನಾದಿನಿ ಎತ್ತುತ್ತಾಳೆ. "ಅಮ್ಮ ಮಲಗಿದ್ದಾರೆ." ಯಾವಾಗಲೂ ಮಲಗಿರುತ್ತಾರೆ.

ಮೇ 20
ಆಸ್ಪತ್ರೆಯಲ್ಲಿ ಕಿಡ್ನಿ ಕೊಡುವವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳುವ ದಿನ — ಯಾರಾದರೂ ಒತ್ತಾಯ ಮಾಡಿದರಾ, ಮನಸ್ಸಿದೆಯಾ ಅಂತ. ಬೇಡ ಎಂದರೆ ಅಲ್ಲಿಗೇ ಮುಗಿಯಿತು. ಅತ್ತೆ ಮಗಳ ಮನೆಯಿಂದಲೇ ಬಂದರು. ನನ್ನ ಕಡೆ ನೋಡಲಿಲ್ಲ. ಒಳಗೆ ಹೋದರು.

ಹೊರಗೆ ಬಂದಾಗ ಇವರು ಓಡಿಹೋದರು. ಜೂನ್ ಡೇಟ್ ಹಾಗೇ ಇದೆಯಂತೆ. ಅಮ್ಮನನ್ನು ತಬ್ಬಿಕೊಂಡು ಇವರು ಬಿಕ್ಕಿ ಬಿಕ್ಕಿ ಅತ್ತರು. ನಾನು ದೂರದಿಂದಲೇ ಕೈ ಮುಗಿದೆ.

ಇವರು ಔಷಧಿ ತರಲು ಹೋದಾಗ ಬೆಂಚಿನ ಮೇಲೆ ಇಬ್ಬರೇ ಉಳಿದೆವು. ಅತ್ತೆ ಎದುರಿನ ಗೋಡೆ ನೋಡುತ್ತ ಹೇಳಿದರು: "ಬೇಡ ಅನ್ನೋಕೇ ಬಂದಿದ್ದೆ ಕಣೇ. ಮಗ ಕಣ್ಮುಂದೆ ಬಂದ, ಮಾತು ಹೊರಡ್ಲಿಲ್ಲ. ಭಯ ಆಗ್ತಿದೆ ನಂಗೆ. ಅವನಿಗೆ ಹೇಳ್ಬೇಡ."

ಮೇ 21, ಬೆಳಿಗ್ಗೆ
ಆಸ್ಪತ್ರೆಯಿಂದ ಫೋನ್. ನಾಳೆ ನನ್ನ ಸರದಿ. ನಾನೂ ಒಬ್ಬಳೇ ಹೋಗಬೇಕು, ನನ್ನನ್ನೂ ಕೇಳುತ್ತಾರೆ — ಮನಸ್ಸಿದೆಯಾ ಅಂತ. ಇದೆ. ಬದುಕುವ ಆಸೆ ಇದೆ, ನಾಚಿಕೆಗೆಟ್ಟ ಆಸೆ. ಬೇಡ ಅನ್ನೋಕೇ ಬಂದಿದ್ದವರ ಕಿಡ್ನಿ ಅಂತ ಗೊತ್ತಿದ್ದೂ ಹೂಂ ಅನ್ನಲಾ? ಉಹುಂ ಅಂದರೆ ಇವರಿಗೆ ಏನಂತ ಹೇಳಲಿ, ಅತ್ತೆ ಹೇಳ್ಬೇಡ ಅಂದಿದ್ದಾರಲ್ಲ.