ಜರಿ ಈಗ ಗುರುಗುಟ್ಟುವುದಿಲ್ಲ

ಚಳ್ಳಕೆರೆ
12 ಫೆಬ್ರವರಿ 2025

ಚಿರಂಜೀವಿ ಅಮರೇಶನಿಗೆ ನಿನ್ನ ಅಕ್ಕ ದಾಕ್ಷಾಯಿಣಿಯ ಆಶೀರ್ವಾದಗಳು.

ಇಷ್ಟು ದಿನ ನಿನ್ನ ಫೋನು ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನಡುನಡುವೆ ಬಾಯಿ ಹಾಕುತ್ತೀಯ. ಕಾಗದವಾದರೆ ಪೂರ್ತಿ ಕೇಳಲೇಬೇಕು. ಅಕ್ಷರ ಸೊಟ್ಟಗಿದೆ, ನಗಬೇಡ. ಅವ್ವ ಚೆನ್ನಾಗಿದ್ದಾಳೆ. ನೀನು ರಾಂಪುರದಲ್ಲಿ ನಾಯಿ ತರಬೇತಿ ಶುರುಮಾಡಿದ್ದನ್ನು ಬೀದಿಯವರಿಗೆಲ್ಲ ಹೇಳಿ ಮುಗಿಸಿ, ಈಗ ಎರಡನೇ ಸುತ್ತು ಹೇಳುತ್ತಿದ್ದಾಳೆ.

ಹೋದ ವಾರ ಮೊಳಕಾಲ್ಮೂರಿನ ಬೊಮ್ಮಣ್ಣ ಬಂದಿದ್ದರು. ಸೀರೆ ಕೊಳ್ಳಲು ಬಂದವರ ಮೇಲೆಲ್ಲ ಗುರುಗುಟ್ಟುತ್ತದೆಂದು ತಮ್ಮ ನಾಯಿ ಜರಿಯನ್ನು ನಿನ್ನ ಹತ್ತಿರ ಬಿಟ್ಟಿದ್ದರಲ್ಲ, ಆ ನೇಕಾರರು.

"ನಿಮ್ ತಮ್ಮ ಗುರ್ ಅನ್ನೋದನ್ನ ಪೂರ್ತಿ ಬಿಡಿಸ್ಯಾನೆ ಕಣಮ್ಮ, ಸುಳ್ಳು ಹೇಳಬಾರ್ದು. ಆದ್ರೆ ಮಗ್ಗದ ಗುಂಡಿ ಬಿಟ್ಟು ಮೇಲಕ್ಕೇ ಬರಲ್ಲ, ನನಗೆ ಕಾಲಿಡಾಕೂ ಜಾಗ ಇಲ್ಲ. ಲಾಳಿ ಸದ್ದಿನಾಗೆ ಹುಟ್ಟಿ ಬೆಳೆದಿದ್ದು, ಈಗ ಅದೇ ಸದ್ದಿಗೆ ನಡುಗ್ತೈತೆ. ಸಿದ್ದಾಪುರದ ಗುಡ್ಡದಾಗೆ ಬಿಟ್ಟು ಬರ್ತೀನಿ," ಎಂದರು. ಬೇಡವೆಂದು ನಾನೇ ಇಟ್ಟುಕೊಂಡೆ.

ಅದರ ಕುತ್ತಿಗೆಯಲ್ಲಿ ಎರಡು ಹುಣ್ಣುಗಳಿವೆ. ಗುರ್ ಎಂದಾಗಲೆಲ್ಲ ಶಾಕ್ ಹೊಡೆಯುವ ಆ ಕರೆಂಟಿನ ಬೆಲ್ಟು ಕಟ್ಟಿದ್ದೆ, ಅಲ್ಲವೇನೋ?

ಸಾಕಾಗಿದೆ ಕಣೋ ನನಗೆ. ನನ್ನ ಹತ್ತಿರ ನಾಯಿ ಪಳಗಿಸಲು ಬಂದವರಿಗೆಲ್ಲ ವಾರದೊಳಗೆ ನಾಯಿ ಬದಲಾಗಬೇಕು. ಆಗುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ನೀನು ಹೂಂ ಎಂದುಬಿಟ್ಟೆ. ನಾಯಿ ಗುರುಗುಟ್ಟುವುದು ಹೆದರಿಕೆಗೆ, ದೂರ ನಿಲ್ಲು ಎನ್ನುವುದಕ್ಕೆ. ನೀನು ಹೆದರಿಕೆಯನ್ನು ಹಾಗೇ ಉಳಿಸಿ ಅದರ ಮಾತನ್ನಷ್ಟೇ ಕಿತ್ತುಕೊಂಡಿದ್ದೀಯ. ತಿಳಿಯದಿದ್ದರೆ ತಿಳಿಯದು ಎನ್ನಬೇಕಿತ್ತು, ನನ್ನ ಹತ್ತಿರ ಕಳಿಸಬೇಕಿತ್ತು. ಅದರಲ್ಲಿ ನಿನ್ನ ಮರ್ಯಾದೆ ಏನು ಹೋಗುತ್ತಿತ್ತು?

ನಿನ್ನ ಬೋರ್ಡಿನ ಮೇಲೆ 'ದಾಕ್ಷಾಯಿಣಿಯವರ ಶಿಷ್ಯ' ಎಂದು ಬರೆಸಿದ್ದೀಯಂತೆ. ಆ ಬೆಲ್ಟು ನಿನ್ನ ಹತ್ತಿರ ಇರುವವರೆಗೆ ನನ್ನ ಹೆಸರು ಅಲ್ಲಿ ಬೇಡ, ಅಳಿಸಿಬಿಡು.

ಮುನಿಸಿಕೊಂಡು ಕೂರಬೇಡ. ಭಾನುವಾರ ಬಾ. ದೂರ ಕೂತು ರೊಟ್ಟಿ ಚೂರು ಎಸೆಯುವುದರಿಂದ ಶುರುಮಾಡೋಣ, ಎಷ್ಟು ತಿಂಗಳಾದರೂ ಆಗಲಿ. ನಾಯಿಗಳು ನಿನ್ನನ್ನು ಕಂಡರೆ ಬಾಲ ಆಡಿಸುವ ಹಾಗೆ ಬಾಳು, ಅಷ್ಟೇ ನನ್ನ ಹಾರೈಕೆ.

ನಿನ್ನ ಅಕ್ಕ,
ದಾಕ್ಷಾಯಿಣಿ

ಮರೆತ ಮಾತು: ಇದು ಎಡಗೈ ಬರಹ. ಬಲಗೈಗೆ ಹೊಲಿಗೆ ಬಿದ್ದಿದೆ. ಎರಡು ಬೆರಳು ಮೊದಲಿನಂತೆ ಮಡಚುವುದು ಅನುಮಾನ ಎಂದರು ಡಾಕ್ಟರು. ಅವ್ವನಿಗೆ ಬಾಗಿಲ ಸಂದಿಗೆ ಸಿಕ್ಕಿತೆಂದು ಹೇಳಿದ್ದೇನೆ, ನೀನೂ ಹಾಗೇ ಹೇಳು. ಜರಿಯ ಹುಣ್ಣು ನೋಡಲು ಕೈ ಚಾಚಿದ್ದೆ. ಅದು ಗುರ್ ಎನ್ನಲಿಲ್ಲ. ಹೆದರಿದ ನಾಯಿ ಸುಮ್ಮನಿದ್ದರೆ ಮುಟ್ಟಬಾರದೆಂದು ನಿನಗೆ ಕಲಿಸಿದವಳೇ ನಾನು. ಆದರೂ ಮುಟ್ಟಿದೆ. ನಮ್ಮ ಅಮರೇಶ ಪಳಗಿಸಿದ ನಾಯಿ ಅಲ್ಲವೇ ಅಂದುಕೊಂಡೆ.